ಮೊದಲು ನೆರಳು, ಆಮೇಲೆ ಹೂವು

ವಿಜಯಪುರದಲ್ಲಿ ಮನೆ ಕಟ್ಟಿಸಿದ ಮೊದಲ ಚಳಿಗಾಲದಲ್ಲಿ ಆಟೋ ತುಂಬ ಪಿಟೂನಿಯಾ, ಸಾಲ್ವಿಯಾ, ಡೇಲಿಯಾ ಸಸಿಗಳನ್ನು ತಂದು ನೆಟ್ಟಿದ್ದೆ. ನಡುವೆ ಹುಲ್ಲುಹಾಸು. ಸಂಕ್ರಾಂತಿಯ ಹೊತ್ತಿಗೆ ದಾರಿಹೋಕರು ಗೇಟಿನ ಬಳಿ ನಿಂತು ನೋಡುವಷ್ಟು ಬಣ್ಣ ತುಂಬಿತ್ತು. ಮಾರ್ಚ್ ಮುಗಿಯುವುದರೊಳಗೆ ಹೂಗಿಡಗಳೆಲ್ಲ ಒಣಗಿ ಉದುರಿದವು, ಹುಲ್ಲು ಕೆಂಪಾಯಿತು. ನಲ್ಲಿಗೆ ನಾಲ್ಕೈದು ದಿನಕ್ಕೊಮ್ಮೆ ನೀರು. ಒಂದು ಚದರ ಮೀಟರ್ ಹುಲ್ಲಿಗೆ ದಿನಕ್ಕೆ ಐದೇ ಲೀಟರ್ ಎಂದು ಹಿಡಿದರೂ ನನ್ನ 20 ಚದರ ಮೀಟರ್ ಹಾಸಿಗೆ 100 ಲೀಟರ್ ಬೇಕು. ಬೀದಿಯ ಕೊನೆಯಲ್ಲಿ ಹೆಣ್ಣುಮಕ್ಕಳು ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಿರುವಾಗ ಆ ನೀರನ್ನು ಹುಲ್ಲಿಗೆ ಸುರಿಯಲು ನನ್ನ ಕೈ ಏಳಲಿಲ್ಲ.

ಪಕ್ಕದ ಮನೆಯ ಅಜ್ಜಾರು ಆಯುಷ್ಯವೆಲ್ಲ ಒಕ್ಕಲುತನ ಮಾಡಿದವರು. ಒಣಗಿದ ಅಂಗಳ ನೋಡಿ ಅಂದರು: “ಮೊದಲ ನೆಳ್ಳ ಮಾಡು ತಂಗಿ. ಹೂವಿಂದು ಆಮ್ಯಾಲ ನೋಡೂಣು.”

ಆ ಮಾತಿನಂತೆಯೇ ಅಂಗಳವನ್ನು ಮತ್ತೆ ಮೊದಲಿನಿಂದ ಕಟ್ಟಿದೆ. ಪಡುವಣ ಬಿಸಿಲು ಬೀಳುವ ಕಡೆ ಹೊಂಗೆ, ಮೂಲೆಯಲ್ಲಿ ಬೇವು, ಬೇಲಿಗೆ ಬಂದರಿಕೆ. ಬಂದರಿಕೆಗೆ ಆಡು ಸಹ ಬಾಯಿ ಹಾಕುವುದಿಲ್ಲ. ಎರಡು ವರ್ಷ ಕೈಹಿಡಿದು ಬೆಳೆಸಿದರೆ ಆಮೇಲೆ ಮಳೆಯ ನೀರೊಂದರಲ್ಲೇ ಬದುಕುತ್ತದೆ. ಹತ್ತು ಗಿಡ ನೆಡುವುದಾದರೆ ಎಂಟು ಇಂಥ ಗಟ್ಟಿ ಜಾತಿಯವು, ಎರಡು ಬಣ್ಣಕ್ಕಾಗಿ. ಇದು ನಾನು ಹಾಕಿಕೊಂಡ ಲೆಕ್ಕ.

ಗಟ್ಟಿ ಗಿಡವೆಂದರೆ ಬಣ್ಣಗೆಟ್ಟ ಗಿಡ ಎಂಬ ತಿಳಿವಳಿಕೆ ನಮ್ಮಲ್ಲಿ ಹೇಗೋ ಬೇರೂರಿದೆ. ಬಯಲುಸೀಮೆಯ ಬೇಸಿಗೆಯನ್ನು ಕಣ್ಣಿಟ್ಟು ನೋಡಿದವರು ಹಾಗೆ ಹೇಳಲಾರರು. ಹೋಳಿಯ ಆಸುಪಾಸಿನಲ್ಲಿ ಎಲೆಯೆಲ್ಲ ಉದುರಿಸಿದ ಮುತ್ತುಗ ಕೆಂಡದಂತೆ ಹೂ ಬಿಡುತ್ತದೆ. ಯುಗಾದಿಗೆ ಬೇವು ಹೂಬಿಟ್ಟಿರುತ್ತದೆ, ಹೊಂಗೆ ಹೊಸ ಚಿಗುರು ಹೊದ್ದು ನಿಂತಿರುತ್ತದೆ. ನೆಲ ಬಿರಿಯುವ ಏಪ್ರಿಲ್-ಮೇ ತಿಂಗಳಲ್ಲಿ ಕಕ್ಕೆಯ ಕೊಂಬೆಗಳಿಂದ ಹಳದಿ ಗೊಂಚಲುಗಳು ಜೋತುಬೀಳುತ್ತವೆ. ಮಳೆಗಾಲ ಹಿಂದೆ ಸರಿಯುವಾಗ ರಸ್ತೆ ಪಕ್ಕದ ತಂಗಡಿ ಅರಳುತ್ತದೆ. ಪಕ್ಕದ ತೆಲಂಗಾಣದಲ್ಲಿ ಇದೇ ತಂಗಡಿ ರಾಜ್ಯದ ಹೂವು. ಬತುಕಮ್ಮ ಹಬ್ಬದಲ್ಲಿ ಅದನ್ನು ತಟ್ಟೆಯಲ್ಲಿ ಪೇರಿಸಿ ಪೂಜಿಸುತ್ತಾರೆ. ಗಡಿಯ ಈಚೆ ನಾವು ಅದನ್ನು ಪೊದೆಯೆಂದು ಕಡಿದು ಹಾಕುತ್ತೇವೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ.

ಋತುವಿಗೆ ತಕ್ಕ ಬಣ್ಣ ಎಂದಾಗ ಜರ್ಮನಿಯ ಕ್ರುಂಬಿಗಲ್ ನೆನಪಾಗುತ್ತಾರೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತವರು ಅವರು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಅರಳುವ ಹಾಗೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ವರ್ಷವಿಡೀ ಎಲ್ಲೋ ಒಂದು ಕಡೆ ಬಣ್ಣ ಇರಬೇಕೆಂಬುದು ಅವರ ಎಣಿಕೆ. ಅವರು ಆರಿಸಿದ ಮರಗಳನ್ನೇ ನಮ್ಮ ಕಪ್ಪು ಎರಿ ನೆಲಕ್ಕೆ ತರಬೇಕಿಲ್ಲ, ಆ ಎಣಿಕೆಯನ್ನು ತಂದರೆ ಸಾಕು. ಮುತ್ತುಗ, ಕಕ್ಕೆ, ತಂಗಡಿ ಎಂದು ಸರದಿ ಹೂಡಿದರೆ ನಮ್ಮ ಓಣಿಗಳಲ್ಲೂ ಅದು ನಡೆಯುತ್ತದೆ.

ಉಳಿದದ್ದು ಆ ಎರಡು ಪಾಲಿನ ಬಣ್ಣ. ಅದನ್ನು ಅಂಗಳದ ತುಂಬ ಚೆಲ್ಲದೆ ಹೊಸ್ತಿಲ ಹತ್ತಿರ ಒಂದೇ ಮಡಿಯಲ್ಲಿ ಇಟ್ಟಿದ್ದೇನೆ. ಅಕ್ಕಿ, ತರಕಾರಿ ತೊಳೆದ ನೀರು ಅಲ್ಲಿಗೆ ಹೋಗುತ್ತದೆ. ಸಾಬೂನಿನ ನೀರನ್ನು ಹಾಕುವುದಿಲ್ಲ. ಮೃಗಶಿರಾ ಮಳೆ ಬಿದ್ದ ಮೇಲೆ ಚೆಂಡುಹೂವಿನ ಬೀಜ ಚೆಲ್ಲಿದರೆ ದಸರೆಯ ಹೊತ್ತಿಗೆ ಬಾಗಿಲ ಮಾಲೆಗೆ ಹೂ ಸಿಗುತ್ತದೆ. ರಾತ್ರಿ ಉದ್ದವಾಗುತ್ತ ಬಂದಂತೆ ಸೇವಂತಿಗೆ ತಾನಾಗಿ ಮೊಗ್ಗು ಕಟ್ಟುತ್ತದೆ. ಚಳಿ ಕಳೆದ ಮೇಲೆ ಆ ಮಡಿಯನ್ನು ಸುಮ್ಮನೆ ಬಿಡುತ್ತೇನೆ. ಬೇಸಿಗೆಯಲ್ಲಿ ಅಲ್ಲಿ ಕಾಶಿಕಣಗಿಲೆ ಒಂದೇ ಉಳಿಯುತ್ತದೆ, ಅದಕ್ಕೆ ಯಾರ ಆರೈಕೆಯೂ ಬೇಕಿಲ್ಲ. ಮೂರು ತಿಂಗಳು ಮಣ್ಣು ಬರಿದಾಗಿ ಕಂಡರೆ ಅವಮಾನವೆಂದು ಯಾರೂ ತಿಳಿಯಬೇಕಿಲ್ಲ. ಮಾಗಿ ಉಳುಮೆ ಮಾಡಿ ಹೊಲ ಬಿಡುವ ರೈತನಿಗೆ ಇದು ಹೊಸ ಮಾತಲ್ಲ.

ಕಾಗದದ ಹೂವಿನ ಬಳ್ಳಿಯಿಂದ ನಾನು ಕಲಿತದ್ದು ಬೇರೆ. ದಿನಾ ನೀರು ಹಾಕಿದಷ್ಟು ಕಾಲ ಅದು ಬರೀ ಎಲೆ ಬಿಟ್ಟಿತು. ನೀರು ನಿಲ್ಲಿಸಿ ಬಾಯಾರಿಸಿದ ಮೇಲೆ ಮೈತುಂಬ ಅರಳಿತು. ನಾವು ಹೂವೆನ್ನುವುದು ಅದರ ಬಣ್ಣದ ಎಲೆ. ಅಸಲಿ ಹೂ ಅದರ ನಡುವೆ ಚಿಕ್ಕದಾಗಿ, ಬೆಳ್ಳಗೆ ಇರುತ್ತದೆ.

ಮಣ್ಣನ್ನೂ ಕೇಳಬೇಕು. ಎರಿ ಮಣ್ಣು ಮಳೆಗೆ ಉಬ್ಬಿ ನೀರು ಹಿಡಿಯುತ್ತದೆ, ಬಿಸಿಲಿಗೆ ಕೈ ತೂರುವಷ್ಟು ಬಿರಿಯುತ್ತದೆ. ನನ್ನ ದೇವಕಣಗಿಲೆ ಸತ್ತದ್ದು ಬರದಿಂದಲ್ಲ, ಮಳೆಗಾಲದಲ್ಲಿ ಬೇರು ಕೊಳೆತು. ಈಗ ಅಂಥ ಗಿಡಗಳಿಗೆ ಮಸಾರಿ ಮಣ್ಣು, ಗರಸು ಬೆರೆಸಿ ಮೊಣಕಾಲೆತ್ತರದ ದಿಬ್ಬ ಮಾಡುತ್ತೇನೆ. ಬುಡಕ್ಕೆ ಕಬ್ಬಿನ ರವದಿ ಹೊದಿಸುತ್ತೇನೆ. ಹೆಸರಿನಲ್ಲಷ್ಟೇ ಹೋಲುವ ಕಣಗಿಲೆ ಬರಕ್ಕೆ ಜಗ್ಗದ ಗಿಡವೇನೋ ಹೌದು, ಆದರೆ ಅದರ ಎಲ್ಲ ಭಾಗವೂ ವಿಷ. ಮಕ್ಕಳು, ದನಕರು ಓಡಾಡುವ ಕಡೆ ಬೇಡ.

ಈಚೆಗೆ ಹೊಸ ಬಡಾವಣೆಗಳಲ್ಲಿ ಇನ್ನೊಂದು ರೂಢಿ ಬಂದಿದೆ. ನೀರು ಉಳಿಸುತ್ತೇವೆಂದು ಅಂಗಳಕ್ಕೆಲ್ಲ ಬಿಳಿ ಕಲ್ಲು ಹರವಿ, ನಡುನಡುವೆ ಕಳ್ಳಿ, ಕತ್ತಾಳೆ ನಿಲ್ಲಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಹಗಲೆಲ್ಲ ಕಾದ ಕಲ್ಲು ಸಂಜೆಯಾದರೂ ಬಿಸಿ ಉಗುಳುತ್ತಿರುತ್ತದೆ, ಕಿಟಕಿ ತೆರೆಯಲಾಗುವುದಿಲ್ಲ. ಮುಡಿಗೊಂದು, ದೇವರಿಗೊಂದು ಹೂ ಸಿಗುವುದಿಲ್ಲ. ಅಂಥ ಅಂಗಳಗಳಲ್ಲಿ ಚಿಟ್ಟೆ ಕಂಡದ್ದು ನನಗೆ ನೆನಪಿಲ್ಲ. ನೀರಿಲ್ಲದ ಊರಿನವರಿಗೆ ಹೂವಿನ ಆಸೆ ಇರಬಾರದೆಂದೇನೂ ಇಲ್ಲವಲ್ಲ. ಆ ಆಸೆಯನ್ನು ನಾನು ಎಂದೂ ಬಿಟ್ಟುಕೊಡಲಾರೆ.

ತಂಗಡಿ ಸಸಿಯನ್ನು ನಾನು ಕೇಳಿದ ನರ್ಸರಿಗಳಲ್ಲಿ ಇಟ್ಟಿರಲಿಲ್ಲ. ಬೇಸಿಗೆಯಲ್ಲಿ ಊರ ಹೊರಗೆ ನಡೆದುಹೋದಾಗ ಒಣಗಿದ ಕಾಯಿ ನಾಲ್ಕು ಕಿತ್ತು ತನ್ನಿ. ಬೀಜವನ್ನು ಒಂದು ರಾತ್ರಿ ಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಮೊದಲ ಮಳೆ ಬಿದ್ದೊಡನೆ ಬೇಲಿಯ ಪಕ್ಕ ಊರಿ. ನಿಮ್ಮ ನರ್ಸರಿಯವರಿಗೂ ಬರುವ ವರ್ಷ ತಂಗಡಿ, ಬಂದರಿಕೆ ಸಸಿ ಬೆಳೆಸಿ ಇಡಿರೆಂದು ಹೇಳಿ ಬನ್ನಿ. ನಾಲ್ಕು ಜನ ಕೇಳಿದರೆ ಅವರು ತಪ್ಪದೆ ಇಡುತ್ತಾರೆ.