ಬಯಸದೆ ನೋಡುವ ಸಂತೋಷ

ಸುಂದರವಾದುದನ್ನು ಕಂಡು ಹಿಗ್ಗುವುದು ಮನುಷ್ಯನ ಸಹಜ ಸ್ವಭಾವ. ಆದರೆ ಆ ಹಿಗ್ಗಿನ ಬೆನ್ನಿಗೇ 'ಇದು ನನಗಿದ್ದರೆ' ಎಂಬ ಆಸೆಯೂ ಬಂದು ನಿಲ್ಲುತ್ತದೆ. ಹಾಗಾದರೆ ಕಣ್ಣಿನ ಸುಖವೆಲ್ಲವೂ ಬಂಧನವೇ? ಬಯಕೆಯ ಸೋಂಕಿಲ್ಲದೆ ಸೌಂದರ್ಯವನ್ನು ಸವಿಯುವುದು ಗೃಹಸ್ಥನಿಗೆ ಸಾಧ್ಯವೇ? ಪ್ರವಾಸದಲ್ಲಿ ಕಣ್ಣಿಗೆ ಬೀಳುವ ಪರರ ಮನೆಯ ಬಾಲ್ಕನಿಯಂತಹ ಸಾಮಾನ್ಯ ವಸ್ತುವೂ ಈ ಪ್ರಶ್ನೆಗೆ ಉತ್ತರದ ದಾರಿಯನ್ನು ತೋರಬಲ್ಲದು.

ಆಬೂ, ರಾಣಕಪುರಗಳ ದರ್ಶನಕ್ಕೆಂದು ರಾಜಸ್ಥಾನಕ್ಕೆ ಹೋದ ಕರ್ನಾಟಕದ ಯಾತ್ರಿಕರಲ್ಲಿ ಕೆಲವರು ಮರುಭೂಮಿಯ ಜೈಸಲ್ಮೇರಿನವರೆಗೂ ಪ್ರಯಾಣ ಬೆಳೆಸುವುದುಂಟು. ಕೋಟೆಯೊಳಗಿನ ಜಿನಾಲಯಗಳನ್ನು ದರ್ಶಿಸಿ ಕೆಳಗಿನ ಊರಿಗೆ ಇಳಿದರೆ ಇಕ್ಕಟ್ಟಾದ ಓಣಿಯೊಂದರಲ್ಲಿ ಪಟ್ವಾ ಹವೇಲಿಗಳು ಎದುರಾಗುತ್ತವೆ. ಜೈನ ವರ್ತಕ ಗುಮಾನ್ ಚಂದ್ ಪಟ್ವಾ 1805ರಲ್ಲಿ ಆರಂಭಿಸಿದ, ಹಲವು ದಶಕಗಳ ಕಾಲ ಕೆಲಸ ನಡೆದ ಐದು ಮನೆಗಳ ಗುಂಪು ಅದು. ಹಳದಿ ಮರಳುಗಲ್ಲಿನ ಆ ಗೋಡೆಗಳಿಂದ ಅಂತಸ್ತು ಅಂತಸ್ತಿಗೂ ಝರೋಕಾಗಳು, ಎಂದರೆ ಮೇಲ್ಛಾವಣಿಯುಳ್ಳ ಪುಟ್ಟ ಬಾಲ್ಕನಿಗಳು, ಹೊರಚಾಚಿವೆ. ಅವು ಕೇವಲ ಅಲಂಕಾರವಲ್ಲ. ಅವುಗಳ ನೆರಳು ಗೋಡೆಯನ್ನು ತಂಪಾಗಿಡುತ್ತದೆ. ಅವುಗಳ ಜಾಲಂಧ್ರಗಳು ಬಿಸಿಲಿನ ಝಳವನ್ನು ತಡೆದು ಗಾಳಿಯನ್ನು ಒಳಗೆ ಬಿಡುತ್ತವೆ. ಉಪಯೋಗವೂ ಅಂದವೂ ಇಲ್ಲಿ ಬೇರೆಬೇರೆಯಾಗಿಲ್ಲ.

ಈ ಓಣಿಯಲ್ಲಿ ತಲೆಯೆತ್ತಿ ನಿಂತ ಪ್ರವಾಸಿಯ ಮನಸ್ಸನ್ನು ಗಮನಿಸಬೇಕು. ಅವನಿಗೆ ಆ ಮನೆಯೊಡೆಯನ ಮೇಲೆ ಮತ್ಸರವಿಲ್ಲ. ಸಂಜೆಯ ರೈಲಿಗೆ ಹೊರಡಬೇಕಾದವನಿಗೆ ಆ ಝರೋಕಾ ತನ್ನದಾಗಬೇಕೆಂಬ ಯೋಚನೆಯೂ ಹುಟ್ಟುವುದಿಲ್ಲ. ಆದರೂ ಅವನ ಸಂತೋಷಕ್ಕೆ ಕೊರತೆಯಿಲ್ಲ. ಅದೇ ಮನುಷ್ಯ ಊರಿಗೆ ಮರಳಿದಾಗ, ಎದುರುಮನೆಯವರು ಹೊಸದಾಗಿ ಕಟ್ಟಿಸಿದ ಬಾಲ್ಕನಿಯನ್ನು ಕಂಡು ಒಳಗೊಳಗೇ ಕುದಿಯಬಹುದು. ಕಣ್ಣು ಅದೇ, ಬಾಲ್ಕನಿಯೂ ಬಾಲ್ಕನಿಯೇ. ನಡುವೆ ಬಂದು ನಿಂತದ್ದು 'ಅವರಿಗಿದೆ, ನನಗಿಲ್ಲ' ಎಂಬ ಲೆಕ್ಕ. ತತ್ತ್ವಾರ್ಥಸೂತ್ರವು ಪರಿಗ್ರಹದ ಬೇರನ್ನು ವಸ್ತುವಿನಲ್ಲಿ ಗುರುತಿಸದೆ, ವಸ್ತುವಿನ ಮೇಲಿನ ಮಮಕಾರದಲ್ಲಿ ಗುರುತಿಸಿರುವುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ.

ಒಡೆತನವೂ ಎಷ್ಟು ಕಾಲ ಉಳಿದೀತು? ಒಂಟೆಗಳ ಸಾಲು ಸಾಗುತ್ತಿದ್ದ ವ್ಯಾಪಾರಮಾರ್ಗಗಳಿಂದ ಜೈಸಲ್ಮೇರ್ ಸಿರಿವಂತವಾಗಿತ್ತು. ಮುಂಬಯಿ ಬಂದರಿನ ಏಳಿಗೆಯೊಂದಿಗೆ ಆ ವ್ಯಾಪಾರ ಕುಗ್ಗಿತು. 1947ರ ದೇಶವಿಭಜನೆಯ ತರುವಾಯ ಗಡಿಯಾಚೆಯ ದಾರಿಗಳೂ ಮುಚ್ಚಿದವು. ಹವೇಲಿಗಳಲ್ಲಿ ಕೆಲವು ಇಂದು ವಸ್ತುಸಂಗ್ರಹಾಲಯಗಳು. ಕಟ್ಟಿಸಿದವರ ಒಡೆತನಕ್ಕಿಂತ ದಾರಿಹೋಕರ ಸಂತೋಷವೇ ದೀರ್ಘಾಯುವಾಯಿತು.

ಆದರೆ ಬಯಕೆಯಿಲ್ಲದ ಮಾತ್ರಕ್ಕೆ ನೋಟವು ಶುದ್ಧವಾಯಿತೆಂದು ಹೇಳಲಾಗದು. ನಮ್ಮನ್ನು ಮುಗ್ಧಗೊಳಿಸುವ ಜಾಲಂಧ್ರಕ್ಕೆ ಇನ್ನೊಂದು ಪ್ರಯೋಜನವೂ ಇತ್ತು. ಪರದಾ ಪದ್ಧತಿಯಿದ್ದ ಮನೆಗಳ ಹೆಣ್ಣುಮಕ್ಕಳು ಬೀದಿಯ ಕಣ್ಣಿಗೆ ಬೀಳದೆ ಬೀದಿಯನ್ನು ನೋಡಲು ಅದೇ ಅವರಿಗಿದ್ದ ಕಿಂಡಿ. ಹೊರಗಿನವನಿಗೆ ಕಲ್ಲಿನ ಕಸೂತಿಯಾಗಿ ಕಾಣುವುದು ಒಳಗಿದ್ದವಳಿಗೆ ಪ್ರಪಂಚದ ಎಲ್ಲೆಯಾಗಿದ್ದೀತು. ಇದನ್ನು ನೆನೆದರೆ ಸಂತೋಷ ಕೆಡುವುದೆಂದು ಹೆದರಬೇಕಿಲ್ಲ. ಮರೆತರೆ ಮಾತ್ರ ಅದು ಕೇವಲ ಕಣ್ಣಿನ ಚಪಲವಾಗುತ್ತದೆ; ನೆನೆದರೆ ಕರುಣೆಯೂ ಅದರೊಡನೆ ಬೆರೆಯುತ್ತದೆ. ಇಂದಿಗೂ ಜನ ವಾಸಿಸುವ ಮನೆಗಳ ಮುಂದೆ ಕ್ಯಾಮೆರಾ ಎತ್ತುವ ಮೊದಲು ಅಲ್ಲಿ ನಿಂತವರ ಒಪ್ಪಿಗೆಯನ್ನು ಕೇಳುವ ಸೌಜನ್ಯವೂ ಈ ಕರುಣೆಯಿಂದಲೇ ಹುಟ್ಟಬೇಕು. ಕೇಳದೆ ತೆಗೆದುಕೊಂಡ ಚಿತ್ರವೂ ಪರಸ್ವವೇ.

ಅದೇ ಊರಿನ ನಥಮಲ್ ಹವೇಲಿ 1885ರ ಕಟ್ಟಡ. ಅಣ್ಣತಮ್ಮಂದಿರಾದ ಹಾಥಿ, ಲಾಲು ಎಂಬ ಶಿಲ್ಪಿಗಳಲ್ಲಿ ಒಬ್ಬನು ಎಡಭಾಗವನ್ನೂ ಇನ್ನೊಬ್ಬನು ಬಲಭಾಗವನ್ನೂ ಕೆತ್ತಿದರೆಂದು ಅಲ್ಲಿಯವರು ಹೇಳುತ್ತಾರೆ. ಎರಡೂ ಭಾಗಗಳು ಒಂದನ್ನೊಂದು ಹೋಲುತ್ತವೆ, ಆದರೆ ಒಂದೇ ಅಲ್ಲ. ಇಬ್ಬರ ಕೈಗುಣಕ್ಕೂ ಒಂದೇ ಮುಖಮಂಟಪದಲ್ಲಿ ಜಾಗವಿದೆ. ಒಬ್ಬನ ಹೆಚ್ಚಳ ಇನ್ನೊಬ್ಬನ ಕುಂದಾಗಿಲ್ಲ. ಪರರ ಗುಣವನ್ನು ಕಂಡು ಹಿಗ್ಗುವ ಪ್ರಮೋದಭಾವನೆಗೆ ಇದಕ್ಕಿಂತ ಸರಳ ಪಾಠ ಯಾವುದು? ಕಣ್ಣು ಒಡೆಯನ ಐಶ್ವರ್ಯದಲ್ಲಿ ನಿಂತರೆ ಮತ್ಸರ ಹುಟ್ಟೀತು. ಕೆತ್ತಿದವನ ಕೈಯವರೆಗೆ ಹೋದರೆ ಗೌರವ ಹುಟ್ಟುತ್ತದೆ.

ಇಂತಹ ಸಂತೋಷಕ್ಕಾಗಿ ಜೈಸಲ್ಮೇರಿಗೇ ಹೋಗಬೇಕೆಂದಿಲ್ಲ. ನೆರೆಮನೆಯ ಬಾಲ್ಕನಿಯಲ್ಲಿ ಕುಂಡದ ಮಲ್ಲಿಗೆ ಅರಳಿರುತ್ತದೆ, ಮುದುಕರೊಬ್ಬರು ಬೆಳಗಿನ ಬಿಸಿಲಿಗೆ ಕುಳಿತಿರುತ್ತಾರೆ. ಪರವೂರಿನಲ್ಲಿ ಕಂಡಿದ್ದರೆ ನಿಂತು ನೋಡುತ್ತಿದ್ದ ದೃಶ್ಯವೇ ಅದು. ಪ್ರವಾಸದಿಂದ ಆ ಕಣ್ಣೊಂದನ್ನು ಮನೆಗೆ ತಂದವನಿಗೆ ನೆರೆಯವರ ಚೆಲುವು ಹೊರೆಯಾಗುವುದಿಲ್ಲ. ತನ್ನದಲ್ಲದ ಒಳ್ಳೆಯದನ್ನು ಕಂಡು ತಣಿಯಬಲ್ಲವನೇ ನಿಜವಾಗಿ ಸಂಪನ್ನನು.