ಸೆರೆಮನೆಯಲ್ಲಿ ಸಮನಾದ ನ್ಯಾಯ

ಸೆರೆಯವರೆಲ್ಲರಿಗೂ ಒಂದೇ ನಿಯಮವಿರಬೇಕೆಂಬದು ನ್ಯಾಯವಾಗಿಯೇ ತೋರುವದು. ಒಬ್ಬನಿಗೆ ವಿಶೇಷ ಸೌಕರ್ಯವನ್ನು ಕೊಟ್ಟರೆ ಮಿಕ್ಕವರು ಹೊಟ್ಟೆಕಿಚ್ಚುಪಡುವರು. ಕೆಲವರು ರೋಗವನ್ನು ನಟಿಸುವರು. ಅನೇಕರನ್ನು ಕಾಯುವ ಕಾವಲುಗಾರನಿಗೆ ಒಬ್ಬೊಬ್ಬನ ಕೊರತೆಯನ್ನು ವಿಚಾರಿಸಲು ಸಮಯವೆಲ್ಲಿ? ಈ ಮಾತುಗಳನ್ನು ನಾವು ಹಗುರವಾಗಿ ತಳ್ಳಿಬಿಡಲಾರೆವು. ಆದರೂ ಒಂದೇ ನಿಯಮವು ಎಲ್ಲರ ಮೇಲೆಯೂ ಒಂದೇ ಭಾರವಾಗಿ ಬೀಳುವದೋ ಎಂಬದನ್ನು ಯೋಚಿಸೋಣ.

ಸ್ಟಾನ್ ಸ್ವಾಮಿ ಎಂಬ ಕಥೋಲಿಕ ಪಾದ್ರಿಯವರನ್ನು 2020ನೇ ಅಕ್ಟೋಬರದಲ್ಲಿ ಬಂಧಿಸಿ ಮುಂಬಯಿಗೆ ಸಮೀಪದ ತಲೋಜಾ ಸೆರೆಮನೆಯಲ್ಲಿಟ್ಟರು. ಅವರಿಗೆ 83 ವರುಷ. ಪಾರ್ಕಿನ್ಸನ್ ರೋಗದಿಂದ ಕೈಗಳು ನಡುಗುತ್ತಿದ್ದವು. ಲೋಟವನ್ನು ಹಿಡಿಯಲಾರದೆ, ಹೀರುವ ಕೊಳವೆಯೂ ಬಟ್ಟಲೂ ಬೇಕೆಂದು ಅವರು ನವೆಂಬರದಲ್ಲಿ ನ್ಯಾಯಾಲಯಕ್ಕೆ ಬಿನ್ನವಿಸಿಕೊಳ್ಳಬೇಕಾಯಿತು. ಬಳಿಕ ಅವು ದೊರೆತವು. ವಿಚಾರಣೆಯು ಆರಂಭವಾಗುವದಕ್ಕೆ ಮುಂಚೆಯೇ, 2021ನೇ ಜುಲಾಯಿ 5ರಲ್ಲಿ, ಅವರು ಆಸ್ಪತ್ರೆಯಲ್ಲಿ ತೀರಿಹೋದರು. ಅವರ ಮೇಲಣ ಆರೋಪವನ್ನು ನಾವಿಲ್ಲಿ ವಿಚಾರಿಸುವದಿಲ್ಲ. ಒಂದೇ ತರದ ಲೋಟವನ್ನು ಇಬ್ಬರಿಗೆ ಕೊಟ್ಟಾಗ ಗಟ್ಟಿ ಕೈಯವನು ಕುಡಿಯುವನು, ಕೈ ನಡುಗುವವನು ಬಾಯಾರಿಯೇ ಇರುವನು. ನ್ಯಾಯಾಧಿಪತಿಯು ಸೆರೆವಾಸವನ್ನು ವಿಧಿಸಬಹುದು, ದಾಹವನ್ನು ವಿಧಿಸುವದಿಲ್ಲ. ಆ ವೃದ್ಧರಿಗಾದರೋ ಯಾವ ಶಿಕ್ಷೆಯೂ ವಿಧಿಸಲ್ಪಟ್ಟಿರಲಿಲ್ಲ. ಹಾಗೆಯೇ ಕಾಲಿಲ್ಲದವನು ಮೆಟ್ಟಲುಗಳ ಮೇಲೆ ತೆವಳಬೇಕೆಂದೂ, ಕಿವುಡನು ಕರೆ ಕೇಳಿಸದ ಕಾರಣ ಅವಿಧೇಯನೆಂದು ದಂಡನೆ ಹೊಂದಬೇಕೆಂದೂ ಯಾವ ತೀರ್ಪಿನಲ್ಲಿಯೂ ಬರೆದಿರುವದಿಲ್ಲ.

ಈ ಪ್ರಶ್ನೆಯು ಹೊಸದಲ್ಲ. 1841ರಲ್ಲಿ ಅಮೇರಿಕದ ಮಸಾಚುಸೆಟ್ಸ್ ಸೀಮೆಯ ಒಂದು ಸೆರೆಮನೆಗೆ ಡೊರೊಥಿಯಾ ಡಿಕ್ಸ್ ಎಂಬಾಕೆಯು ಸ್ತ್ರೀಯರಿಗೆ ಭಾನುವಾರದ ಪಾಠ ಹೇಳಹೋದಾಗ, ಬುದ್ಧಿಭ್ರಮೆಯುಳ್ಳವರು ಬೆಂಕಿಯಿಲ್ಲದ ಕೋಣೆಗಳಲ್ಲಿ ನಡುಗುವದನ್ನು ಕಂಡಳು. ಹುಚ್ಚರಿಗೆ ಚಳಿ ತಾಕುವದಿಲ್ಲವೆಂಬ ಉತ್ತರ ಸಿಕ್ಕಿತು. ಆಕೆ ಸುಮ್ಮನಿರದೆ ನ್ಯಾಯಾಲಯದ ಮೂಲಕ ಅವರಿಗೆ ಬೆಂಕಿಯನ್ನು ದೊರಕಿಸಿದಳು. 1843ರಲ್ಲಿ ಇಂಥವರ ದುಃಸ್ಥಿತಿಯನ್ನು ಶಾಸನಸಭೆಯ ಮುಂದಿಟ್ಟಳು.

ನಮ್ಮ ದೇಶದ ಸುಪ್ರೀಂ ಕೋರ್ಟು 2025ನೇ ಜುಲಾಯಿಯಲ್ಲಿ ತಮಿಳುನಾಡಿನ ಸೆರೆಮನೆಗಳ ವಿಷಯವಾಗಿ ತೀರ್ಪು ಕೊಟ್ಟು, ಒಳಗೆ ಸೇರಿಸುವಾಗಲೇ ಅಂಗವಿಕಲರನ್ನು ಗುರುತಿಸಬೇಕೆಂದೂ, ಗಾಲಿಕುರ್ಚಿ ಹೋಗುವ ದಾರಿಯನ್ನೂ ತಕ್ಕ ಶೌಚಗೃಹವನ್ನೂ ಒದಗಿಸಬೇಕೆಂದೂ ಆಜ್ಞಾಪಿಸಿತು. ಕಾವಲುಗಾರನ ಕಷ್ಟಕ್ಕೂ ಇದರಲ್ಲಿ ಪರಿಹಾರವುಂಟು. ಯಾಕಂದರೆ ಕೊರತೆಯನ್ನು ಮೊದಲೇ ಪರೀಕ್ಷಿಸಿ ಬರೆದಿಟ್ಟರೆ ನಟನೆಗೂ ಸಂದೇಹಕ್ಕೂ ಎಡೆ ಕಡಿಮೆಯಾಗುವದು.

ಮನೆಯಲ್ಲಿ ತಾಯಿಯು ಮಕ್ಕಳಿಗೆಲ್ಲಾ ರೊಟ್ಟಿಯನ್ನು ಕೊಟ್ಟು ಜ್ವರದ ಮಗುವಿಗೆ ಮಾತ್ರ ಗಂಜಿಯನ್ನು ಕಾಯಿಸಿದರೆ ಅದನ್ನು ಪಕ್ಷಪಾತವೆಂದು ಯಾರೂ ಹೇಳುವದಿಲ್ಲ. ಸೆರೆಮನೆಯು ತಾಯಿಯ ಮನೆಯಲ್ಲ, ನಿಜ. ಆದರೆ ಅಲ್ಲಿಯೂ ಹಸಿವು ಹಸಿವೇ. ಆದಕಾರಣ ನಮ್ಮ ಊರಿನ ರೋಗಿಯೋ ಅಂಗಹೀನನೋ ಸೆರೆಯಲ್ಲಿದ್ದರೆ, ಅವನ ಅಪರಾಧವನ್ನು ಮುಚ್ಚದೆ, ಅವನ ಕೊರತೆಯನ್ನು ಅಧಿಕಾರಿಗಳಿಗೆ ಬರೆದು ತಿಳಿಸುವವರಾಗೋಣ.