ಹಿಟ್ಟಿನ ಕೋಳಿಯ ಲೆಕ್ಕ

ಮಕ್ಕಳಿಗೆ ಭಯಂಕರ ಕಥೆಗಳನ್ನು ಹೇಳಬಹುದೇ? ಮಾಯೆಯ ಕಾಡು, ರಾಕ್ಷಸರ ಕೋಟೆ, ಅವುಗಳ ನಡುವೆ ಸಾಗುವ ಬಾಲವೀರರು. ಇಂಥವು ಎಳೆಯ ಮನಸ್ಸನ್ನು ಕೆಡಿಸುತ್ತವೆಂದು ಹಲವರು ಆತಂಕಪಡುತ್ತಾರೆ. ಆದರೆ ಅವೆಲ್ಲಕ್ಕಿಂತ ಘೋರವಾದ ಕಥೆ ನಮ್ಮ ಸಾಹಿತ್ಯದಲ್ಲಿಯೇ ಇದೆ. ಅದು ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ.’

ಚಂಡಮಾರಿಗೆ ನರಬಲಿ ಕೊಡಲೆಂದು ಮಾರಿದತ್ತ ರಾಜನು ಎಳೆಯರ ಜೋಡಿಯೊಂದನ್ನು ಹಿಡಿತರಿಸುತ್ತಾನೆ. ಭಿಕ್ಷೆಗೆ ಹೊರಟಿದ್ದ ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿಯರು ಸೆರೆಸಿಕ್ಕುತ್ತಾರೆ. ಸಾವು ಎದುರಿಗಿದ್ದರೂ ಅವರು ಅಂಜುವುದಿಲ್ಲ. ತಮ್ಮ ಹಿಂದಿನ ಜನ್ಮಗಳ ವೃತ್ತಾಂತವನ್ನು ಹೇಳುತ್ತಾರೆ. ಒಮ್ಮೆ ಅವರು ಯಶೋಧರ ರಾಜ ಹಾಗೂ ಅವನ ತಾಯಿ ಚಂದ್ರಮತಿ. ಜೀವಬಲಿಗೆ ಒಪ್ಪದ ಮಗ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದನು. ವ್ಯಂತರವೊಂದು ಸೇರಿದ್ದ ಆ ಕೋಳಿ ಕೂಗಿತು! ಅಂದಿನ ಸಂಕಲ್ಪಹಿಂಸೆಯ ಫಲವಾಗಿ ಅವರಿಬ್ಬರೂ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿಗಳಾಗಿ ಹುಟ್ಟಿ ಹುಟ್ಟಿ ಕೊಲೆಗೀಡಾದರು.

ಕಳೆದ ದಶಲಕ್ಷಣ ಪರ್ವದಲ್ಲಿ ಈ ಕಥೆಯನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಕೇಳಿದಳು: “ಅಜ್ಜಾ, ಅದು ಹಿಟ್ಟಿಂದಲ್ಲ? ಅದಕ್ಕ ನೋವಾಗಿಲ್ಲ. ಮತ್ತ ಅವರಿಗೆ ಶಿಕ್ಷಾ ಯಾಕ?”

ಭಾವಹಿಂಸೆ, ದ್ರವ್ಯಹಿಂಸೆ ಎಂಬ ಶಾಸ್ತ್ರದ ಮಾತುಗಳು ನಾಲಿಗೆಯ ತುದಿಯಲ್ಲಿದ್ದವು. ಆದರೆ ನೆನಪಾದದ್ದು ಮುಂಡರಗಿಯ ನಮ್ಮ ಅಂಗಡಿಯ ತಕ್ಕಡಿ. ವ್ಯಾಪಾರದ ಮೊದಲ ವರ್ಷಗಳಲ್ಲಿ ಒಂದು ದಿನ, ಸವೆದ ತೂಕದ ಕಲ್ಲೆಂದು ತಿಳಿದೂ ಅದನ್ನು ತಕ್ಕಡಿಗೆ ಹಾಕಿದ್ದೆ. ಗಿರಾಕಿ ಏನನ್ನೂ ಕೊಳ್ಳದೆ ಹೊರಟುಹೋದ. ಯಾರಿಗೂ ನಷ್ಟವಾಗಲಿಲ್ಲ, ಖಾತೆಯಲ್ಲಿ ಅದರ ನಮೂದೂ ಇಲ್ಲ. ಆದರೆ ಮರುದಿನ ಅದೇ ಕಲ್ಲನ್ನು ಎತ್ತಿಕೊಳ್ಳುವಾಗ ಕೈ ಅಳುಕಲಿಲ್ಲ. ಆ ದಿನ ಗಿರಾಕಿ ಕೊಂಡೇ ಹೋದ.

ಇದನ್ನು ಮೊಮ್ಮಗಳ ಮುಂದೆ ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, “ಹಿಟ್ಟಿನ ಕೋಳಿ ಕೂಗಿದ್ದು ಯಾಕಂತ ಈಗ ಗೊತ್ತಾತು” ಎಂದಳು.

ಸಂಕಲ್ಪವು ಕೃತ್ಯಕ್ಕೆ ದಾರಿ ಮಾಡಿಕೊಡುತ್ತದೆ. ‘ನಿಜವಾದದ್ದಲ್ಲವಲ್ಲ’ ಎಂಬ ಸಮಾಧಾನವೇ ಅತ್ಯಂತ ಅಪಾಯಕಾರಿ. ಅಭಯರುಚಿಯು ಖಡ್ಗ ಹಿಡಿದು ಗೆಲ್ಲಲಿಲ್ಲ. ತನ್ನ ತಪ್ಪನ್ನೇ ಮುಚ್ಚಿಡದೆ ಹೇಳಿ, ಮಾರಿದತ್ತನ ಮನಸ್ಸನ್ನು ಬಲಿಯಿಂದ ತಿರುಗಿಸಿದನು.

ಆದ್ದರಿಂದ ಬಸದಿಯ ಪಾಠಶಾಲೆಗಳಲ್ಲಿ, ಮನೆಗಳಲ್ಲಿ ಈ ಕಥೆಯನ್ನು ಹೇಳೋಣ. ಅದರ ಕತ್ತಲೆಯನ್ನು ಕತ್ತರಿಸಿ ಹಾಕುವುದು ಬೇಡ. ಕತ್ತಲೆಯಲ್ಲಿ ನಡೆದ ಹಿರಿಯರು ತಾವು ಎಡವಿದ ಜಾಗವನ್ನು ತೋರಿಸಿದರೆ, ಮಕ್ಕಳು ಅಲ್ಲಿ ನೋಡಿ ಹೆಜ್ಜೆಯಿಟ್ಟಾರು.